ಚಾಚಿದ ಕೈಯ ಮೇಲೊಂದು ತುಳಸಿ ಎಲೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಮೂವತ್ತು ವರ್ಷ ನನ್ನ ಕೆಲಸವಾಗಿತ್ತು. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಈಗಲೂ ತಿದ್ದುತ್ತೇನೆ, ಆದರೆ ನಿವೃತ್ತನಾದ ಮೇಲೆ ಹಾಳೆಗಳು ಮಲ್ಲೇಶ್ವರದ ಮನೆಗೇ ಬರುತ್ತವೆ. ಅಷ್ಟು ವರ್ಷದ ಅಭ್ಯಾಸ ಸ್ವಂತ ಮೈಯ ವಿಷಯದಲ್ಲಿ ಮಾತ್ರ ಉಪಯೋಗಕ್ಕೆ ಬರಲಿಲ್ಲ.

ನಾನು ಮೊದಲಿನಿಂದಲೂ ಸುಸ್ತಿನ ಮನುಷ್ಯ. ಕಾಯಿಲೆಯವನೆಂದಲ್ಲ. ಕೆಲಸ ಮುಗಿಸಿ ಬಂದರೆ ಕುರ್ಚಿ, ಕುರ್ಚಿಯಿಂದ ಊಟದ ತಟ್ಟೆ, ತಟ್ಟೆಯಿಂದ ಹಾಸಿಗೆ. ಹೊಸ ವರ್ಷದ ಡೈರಿಯ ಮೊದಲ ಪುಟದಲ್ಲಿ ಪ್ರತಿ ಸಲ ಸಂಕಲ್ಪಗಳನ್ನು ಬರೆಯುತ್ತಿದ್ದೆ: ಐದೂವರೆಗೆ ಏಳಬೇಕು, ಮನೆಗೆಲಸದಲ್ಲಿ ಕೈ ಜೋಡಿಸಬೇಕು. ನಾಲ್ಕನೇ ಪುಟದ ಹೊತ್ತಿಗೆ ಡೈರಿ ಹಾಲಿನ ಲೆಕ್ಕಕ್ಕೆ ಹೋಗುತ್ತಿತ್ತು. ಹೆಂಡತಿ ಜಗಳವಾಡುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಮನೆಯಲ್ಲಿ ನಾವು ಮೂರು ಜನ. ಅಮ್ಮನಿಗೆ ಎಂಬತ್ತನಾಲ್ಕು. ನಾಲ್ಕು ವರ್ಷದ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದಮೇಲೆ ವಾಕರ್ ಹಿಡಿದು ನಡೆಯುತ್ತಾಳೆ, ಆದರೆ ಸ್ನಾನಕ್ಕೆ ಇನ್ನೊಬ್ಬರು ಬೇಕು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ನೀರು ಹಾಕಿ, ಮೈ ಒರೆಸಿ, ಕಂಕುಳಲ್ಲಿ ಕೈ ಕೊಟ್ಟು ಎಬ್ಬಿಸಬೇಕು. ಸ್ನಾನವಾಗದೆ ಅಮ್ಮ ಒಂದು ತುತ್ತು ಬಾಯಿಗೆ ಹಾಕಿದವಳಲ್ಲ. ಕಾಫಿಗೆ ಮಾತ್ರ ವಿನಾಯಿತಿ. ಅದು ಆಹಾರವಲ್ಲ ಎಂಬುದು ಅವಳ ವಾದ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎಂಟೂವರೆಗೆ ತಿಂಡಿಯ ಜೊತೆ ತೆಗೆದುಕೊಳ್ಳಲೇಬೇಕು. ಹಾಗಾಗಿ ಎಂಟರೊಳಗೆ ಸ್ನಾನವಾಗಲೇಬೇಕು. ಮೂರು ವರ್ಷ ಈ ಗಡಿಯಾರಕ್ಕೆ ಕಟ್ಟಿಕೊಂಡವಳು ನನ್ನ ಹೆಂಡತಿ. ನಾನು ಆ ಹೊತ್ತಿನಲ್ಲಿ ಪೇಪರ್ ಓದುತ್ತಿದ್ದೆ.

ನಿವೃತ್ತನಾದ ವರ್ಷ, ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ನಮ್ಮ ಅಡ್ಡರಸ್ತೆಯ ಕೊನೆಯ ಭಜನೆ ಮಂದಿರದ ಮಹಡಿಯಲ್ಲಿ ಬೆಳಗಿನ ತರಗತಿಯೊಂದಕ್ಕೆ ಸೇರಿದೆ. ಉಸಿರಾಟ, ಕೈಕಾಲು ಬೀಸುವುದು, ನಿಂತಲ್ಲೇ ಓಡುವುದು. ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಹಣ ತೆಗೆದುಕೊಳ್ಳದೆ ನಡೆಸುತ್ತಿದ್ದರು. ಮೊದಲ ದಿನವೇ ಅವರು ಹೇಳಿದ ಮಾತು ನನಗೆ ಹಿಡಿಸಿತು.

"ಮನಸ್ಸಿಗೆ ಬುದ್ಧಿ ಹೇಳ್ತಾ ಕೂತ್ಕೋಬೇಡಿ ಸಾರ್. ಅದು ಕೇಳಲ್ಲ. ಮೈಗೆ ಶಕ್ತಿ ಬಂದ್ರೆ ಮನಸ್ಸು ತಾನಾಗೇ ಹಿಂದೆ ಬರುತ್ತೆ. ಸೋಮಾರಿ ಅಂತ ಪ್ರಪಂಚದಲ್ಲಿ ಯಾರೂ ಇಲ್ಲ. ಶಕ್ತಿ ಕಮ್ಮಿ ಇರೋರು ಇದಾರೆ, ಅಷ್ಟೆ."

ಐವತ್ತೊಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ಸುಲಭವಾಗಿ ಕ್ಷಮಿಸಿರಲಿಲ್ಲ.

ನಲವತ್ತೆಂಟು ದಿನದ ಒಂದು ಮಂಡಲ. ಪ್ರತಿ ದಿನದ ಕೊನೆಗೆ ಒಂದು ಪದ್ಧತಿ ಇತ್ತು. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಅಂಗೈ ಕೆಳಗೆ ಮಾಡಿ ನಿಲ್ಲಬೇಕು. ಮೇಷ್ಟ್ರು ಸಾಲಿನಲ್ಲಿ ಬಂದು ಪ್ರತಿಯೊಬ್ಬರ ಬಲಗೈ ಬೆರಳುಗಳ ಮೇಲೆ ಒಂದೊಂದು ತುಳಸಿ ಎಲೆ ಇಡುತ್ತಿದ್ದರು. ಮಲಗಿದ ಎಲೆ ಎಂದರೆ ಮಲಗಿದ ಶಕ್ತಿ. ಶಕ್ತಿ ಹರಿಯಲು ಶುರುವಾದರೆ ಎಲೆ ತಾನಾಗಿ ಅಲುಗುತ್ತದೆ ಎಂದು ಅವರ ನಂಬಿಕೆ. ಅವರಿಗೆ ಅವರ ಗುರುಗಳು ಹಾಗೆ ಹೇಳಿದ್ದರಂತೆ.

ಇಪ್ಪತ್ತನೇ ದಿನ ನನ್ನ ಎಲೆ ಅಲುಗಿತು. ಇಪ್ಪತ್ತೈದನೇ ದಿನ ಕೆಳಗೆ ಬಿತ್ತು.

"ಏನ್ ಸಾರ್, ನಿಮ್ಮದು ಡ್ಯಾನ್ಸ್ ಮಾಡ್ತಿದೆ," ಎಂದರು ಪಕ್ಕದಲ್ಲಿ ನಿಲ್ಲುತ್ತಿದ್ದವರು. "ನಮ್ಮದು ನೋಡಿ, ರಿಟೈರ್ಡ್ ಗುಮಾಸ್ತನ ಥರ ಬಿದ್ಕೊಂಡಿದೆ."

ಮೇಷ್ಟ್ರು ಬಂದು ಎಲೆಯನ್ನು ಹೆಕ್ಕಿ ನನ್ನ ಜೇಬಿಗೆ ಹಾಕಿದರು. "ಭೇಷ್," ಎಂದರು. ಅದೊಂದೇ ಮಾತು. ನಾನು ಮನೆಯವರೆಗೆ ಓಡಿಕೊಂಡು ಬಂದೆ.

ಆ ದಿನಗಳು ಹೇಗಿದ್ದವೆಂದು ಈಗ ಬರೆಯುವಾಗಲೂ ಆಸೆಯಾಗುತ್ತದೆ. ಅಲಾರಂ ಹೊಡೆಯುವ ಮೊದಲೇ ಎಚ್ಚರವಾಗುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಬನಿಯನ್ನಿನಲ್ಲೇ ಅಂಗಳ ಗುಡಿಸುತ್ತಿದ್ದೆ. ಎಂಟನೇ ಅಡ್ಡರಸ್ತೆಗೆ ಹೋಗಿ ಸೊಪ್ಪು ತಂದು, ಬಿಡಿಸಿ, ತೊಳೆದಿಟ್ಟು, ಇವಳು ಏಳುವಷ್ಟರಲ್ಲಿ ಡಿಕಾಕ್ಷನ್ ಇಳಿಸಿರುತ್ತಿದ್ದೆ. ಎರಡು ಚಪಾತಿ ತಿನ್ನುತ್ತಿದ್ದವನು ಐದು ತಿಂದರೂ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಕರಡಿನ ಹಾಳೆಗಳನ್ನು ಎರಡು ದಿನದ ಬದಲು ಅರ್ಧ ದಿನದಲ್ಲಿ ಮುಗಿಸುತ್ತಿದ್ದೆ. ಬೀದಿಯಲ್ಲಿ ಸಿಕ್ಕವರೆಲ್ಲ ಹತ್ತು ವರ್ಷ ಚಿಕ್ಕವರಾಗಿದ್ದೀರಿ ಎನ್ನುತ್ತಿದ್ದರು. ಅಮ್ಮ ಮಾತ್ರ, "ಕೂತ್ಕೊಳೋ, ನಿನ್ನ ನೋಡಿ ನಂಗೆ ಸುಸ್ತಾಗುತ್ತೆ," ಎಂದಳು.

ಮಂಡಲ ಮುಗಿಯುವ ದಿನಕ್ಕೂ ಒಂದು ನಿಯಮವಿತ್ತು. ಪ್ರತಿಯೊಬ್ಬರೂ ಮನೆಗೆ ಹೋಗಿ, ಮನೆಯವರಲ್ಲಿ ಒಬ್ಬರಿಗೆ ಒಂದು ಮಾತು ಕೊಡಬೇಕು. ಕೈಯ ಮೇಲೆ ತುಳಸಿ ಇಟ್ಟುಕೊಂಡೇ ಕೊಡಬೇಕು. "ತನಗೆ ತಾನೇ ಕೊಟ್ಟ ಮಾತನ್ನ ಯಾರು ಬೇಕಾದ್ರೂ ಮುರೀತಾರೆ. ಇನ್ನೊಬ್ರಿಗೆ ಕೊಡಿ ನೋಡೋಣ," ಎಂದರು ಮೇಷ್ಟ್ರು.

ಇವಳು ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಬಸವನಗುಡಿಯಲ್ಲಿ ಶಿಶುವಿಹಾರದ ಶಿಕ್ಷಕಿಯರಿಗೆ ಒಂದು ವರ್ಷದ ತರಬೇತಿ ನಡೆಯುತ್ತದೆ. ಅದರ ಕರಪತ್ರ ಎರಡು ವರ್ಷದಿಂದ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದುದು ನನಗೆ ಗೊತ್ತಿತ್ತು. ನಮ್ಮ ಕುಂಡದಿಂದಲೇ ಒಂದು ಎಲೆ ಕಿತ್ತು, ಬೆರಳ ಮೇಲೆ ಇಟ್ಟುಕೊಂಡು ಅವಳ ಮುಂದೆ ನಿಂತೆ.

"ಇನ್ನು ಬೆಳಗಿನ ಹೊತ್ತು ನಂದು. ಅಮ್ಮನ ಸ್ನಾನ, ತಿಂಡಿ, ಅಡುಗೆ, ಎಲ್ಲಾ. ನೀನು ಆ ಟ್ರೈನಿಂಗ್ ಸೇರ್ಕೋ."

ಅವಳು ನನ್ನ ಮುಖ ನೋಡಲಿಲ್ಲ. ಅಲುಗುತ್ತಿದ್ದ ಎಲೆಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಆಮೇಲೆ ವಾಪಸ್ ತಗೊಳಲ್ಲ ತಾನೇ?"

"ಇಲ್ಲ."

ಐವತ್ತೊಂದನೇ ವಯಸ್ಸಿನಲ್ಲಿ ನನ್ನ ಹೆಂಡತಿ ಚೀಲ ಹೆಗಲಿಗೆ ಹಾಕಿಕೊಂಡು ಏಳೂಮುಕ್ಕಾಲಿಗೆ ಸಂಪಿಗೆ ರಸ್ತೆಯ ಮೆಟ್ರೋ ಹತ್ತತೊಡಗಿದಳು. ಮಧ್ಯಾಹ್ನ ಬಂದು, ಊಟ ಮಾಡಿ, ಹಜಾರದಲ್ಲಿ ಅಭ್ಯಾಸ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಉದ್ದ ಗೆರೆ ಎಳೆದು, ಅಂಚಿನವರೆಗೆ ನೀರು ತುಂಬಿದ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು, ಗೆರೆಯ ಮೇಲೆ ಹೆಜ್ಜೆಗೆ ಹೆಜ್ಜೆ ತಾಗಿಸಿ ನಡೆಯುತ್ತಿದ್ದಳು. ಒಂದು ಹನಿಯೂ ಚೆಲ್ಲಬಾರದು. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವುದು ಇದನ್ನಂತೆ. ಕೊನೆಯ ಪರೀಕ್ಷೆಯಲ್ಲೂ ಇದನ್ನು ಮಾಡಿ ತೋರಿಸಬೇಕು.

ಒಂದು ದಿನ ನನ್ನನ್ನು ಮಗುವಾಗಿ ನಿಲ್ಲಿಸಿದಳು. ತಟ್ಟೆ ಕೊಟ್ಟಳು. ಎರಡನೇ ಹೆಜ್ಜೆಗೇ ನೀರು ತಟ್ಟೆಗಿಳಿಯಿತು.

"ಅಯ್ಯೋ ಪುಟ್ಟಾ, ನಿನ್ನ ಎಲ್‌ಕೆಜಿಗೂ ಸೇರಿಸ್ಕೊಳಲ್ಲ," ಎಂದು ನಕ್ಕಳು. ಮಾರನೆಯ ದಿನವೂ ಹಾಗೇ ಆಯಿತು. ಮೂರನೆಯ ದಿನ ನಗಲಿಲ್ಲ.

"ರೀ, ಕೈ ಯಾಕೆ ಹೀಗೆ ನಡುಗುತ್ತೆ? ಒಂದ್ಸಲ ಡಾಕ್ಟರಿಗೆ ತೋರಿಸಿ."

"ಇದು ಶಕ್ತಿ ಕಣೆ," ಎಂದೆ. ಹೌದು, ಅದೇ ಮಾತು ಹೇಳಿದೆ. ತಮಾಷೆಗಲ್ಲ.

ತಿಂಗಳುಗಳು ಕಳೆದು, ಮಳೆಗಾಲ ಮುಗಿಯುವ ಹೊತ್ತಿಗೆ, ಕೊನೆಗೆ ಹೋದದ್ದು ಎದೆಬಡಿತಕ್ಕೆ. ಮಧ್ಯಾಹ್ನ ಮಲಗಿದರೆ ದಿಂಬಿನೊಳಗಿಂದ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸುತ್ತಿತ್ತು. ಶೇಷಾದ್ರಿಪುರದಲ್ಲಿ ಒಬ್ಬರು ಡಾಕ್ಟರಮ್ಮನ ಹತ್ತಿರ ಹೋದೆ. ಅವರು ನಾಡಿ ನೋಡಿದರು, ಕತ್ತು ಮುಟ್ಟಿದರು. ಆಮೇಲೆ, "ಎರಡೂ ಕೈ ಮುಂದೆ ಚಾಚಿ. ಅಂಗೈ ಕೆಳಗೆ," ಎಂದರು. ಚಾಚಿದೆ. ಮೇಜಿನ ಮೇಲಿದ್ದ ಔಷಧಿ ಚೀಟಿಯ ಪುಸ್ತಕದಿಂದ ಒಂದು ಬಿಳಿ ಹಾಳೆ ಹರಿದು ನನ್ನ ಬೆರಳುಗಳ ಮೇಲೆ ಇಟ್ಟರು.

ಹಾಳೆ ಪಟಪಟ ಸದ್ದು ಮಾಡಿತು. ನಾನು ಅದನ್ನೇ ನೋಡುತ್ತಿದ್ದೆ. ನಿಜ ಹೇಳಬೇಕೆಂದರೆ, ಒಂದು ಕ್ಷಣ ಅವರು ಭೇಷ್ ಎನ್ನುತ್ತಾರೆಂದು ಕಾದೆ.

"ಎಷ್ಟು ದಿನದಿಂದ ಹೀಗಿದೆ?"

"ಇಪ್ಪತ್ತನೇ ದಿನದಿಂದ."

"ಯಾವುದರ ಇಪ್ಪತ್ತನೇ ದಿನ?"

ನಾನು ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟೆ.

ರಕ್ತಪರೀಕ್ಷೆಯ ವರದಿ ಬಂದಮೇಲೆ ಅವರು ತಾಳ್ಮೆಯಿಂದ ಹೇಳಿದರು. ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿದೆ. "ಸಣ್ಣಗೆ ಉರೀಬೇಕಾದ ಒಲೆಯನ್ನ ಯಾರೋ ಪೂರ್ತಿ ತಿರುಗಿಸಿಬಿಟ್ಟ ಹಾಗೆ. ಉರಿ ಜೋರಾಗಿ ಕಾಣುತ್ತೆ. ಆದ್ರೆ ಪಾತ್ರೆ ಸೀಯ್ತಾ ಇರುತ್ತೆ. ನೀವು ತೂಕ ಇಳಿಸಿದ್ದಲ್ಲ ಸಾರ್, ನಿಮ್ಮ ತೊಡೆ ಮಾಂಸವೇ ಕರಗ್ತಿದೆ. ಮಾತ್ರೆ ಒಂದು ದಿನಾನೂ ಬಿಡೋ ಹಾಗಿಲ್ಲ."

"ಹಾಗಾದ್ರೆ ನಾನು ಬದಲಾದದ್ದು?" ಎಂದು ಕೇಳಿದೆ.

ಅವರು ವರದಿಯನ್ನು ಇನ್ನೊಮ್ಮೆ ನೋಡಿದರು. "ಅದು ಇದರಲ್ಲಿ ಬರಲ್ಲ ಸಾರ್," ಎಂದರು.

ಮೇಷ್ಟ್ರಿಗೆ ತಿಳಿಸುವುದು ಧರ್ಮ ಎನಿಸಿತು. ಮಹಡಿಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಅವರು ನನ್ನನ್ನು ದೂರಲಿಲ್ಲ, ಡಾಕ್ಟರನ್ನೂ ದೂರಲಿಲ್ಲ. ಬಹಳ ಹೊತ್ತು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. "ಹನ್ನೆರಡು ವರ್ಷದಿಂದ ಎಲೆ ಇಡ್ತಿದೀನಿ," ಎಂದರು. "ಯಾರ್ಯಾರಿಗೆ ಭೇಷ್ ಅಂದೆನೋ." ಅಲ್ಲಿ ಬರುತ್ತಿದ್ದವರಲ್ಲಿ ಮಂಡಿನೋವು ಕಡಿಮೆಯಾದವರಿದ್ದರು, ಸಿಗರೇಟು ಬಿಟ್ಟವರಿದ್ದರು. ಅವರಿಗೆ ನನ್ನ ಕಾಯಿಲೆ ಇರಲಿಲ್ಲ. ಹಾಗಾದರೆ ಅವರಿಗೆ ಬಂದದ್ದು ಏನು? ನನಗೂ ಅದರಲ್ಲಿ ಸ್ವಲ್ಪ ಪಾಲು ಬಂದಿತ್ತೋ, ಇಲ್ಲವೋ? ಇದನ್ನು ಅವರಿಂದ ಕೇಳಬೇಕೆಂದಿದ್ದೆ. ಅವರ ಮುಖ ನೋಡಿ ಕೇಳಲಿಲ್ಲ.

ಮಾತ್ರೆ ಕೆಲಸ ಮಾಡಿತು. ಆರು ವಾರದಲ್ಲಿ ಕೈಯ ನಡುಕ ನಿಂತಿತು, ಎದೆಯ ಡವಡವ ನಿಂತಿತು, ಅವುಗಳ ಜೊತೆಗೆ ನಾನೂ ನಿಂತುಹೋದೆ. ಅಲಾರಂ ಮತ್ತೆ ಕಿವಿಗೆ ಬಿತ್ತು. ಚಳಿ ಮತ್ತೆ ಚಳಿಯಾಯಿತು. ಸೊಪ್ಪಿನ ಕಟ್ಟನ್ನು ಮುಂದಿಟ್ಟುಕೊಂಡು ಇಪ್ಪತ್ತು ನಿಮಿಷ ಸುಮ್ಮನೆ ಕೂತಿರುತ್ತಿದ್ದೆ. ಆ ಹುರುಪಿನ ದಿನಗಳಲ್ಲಿ ತಿದ್ದಿದ್ದ ಹಾಳೆಗಳು ಮುದ್ರಣಾಲಯದಿಂದ ವಾಪಸು ಬಂದವು. ಒಂದೊಂದು ಪುಟದಲ್ಲೂ ನಾಲ್ಕೈದು ತಪ್ಪು ಹಾಗೇ ಉಳಿದಿದ್ದವು. ಅಂಚಿನಲ್ಲಿ ನನ್ನ ಸಹಿ ಮಾತ್ರ ದೊಡ್ಡದಾಗಿತ್ತು.

ಇವಳ ಕೊನೆಯ ಪರೀಕ್ಷೆಗೆ ಒಂದು ತಿಂಗಳಿತ್ತು.

ನನ್ನ ಗೊಂದಲ ಇಲ್ಲಿ ಶುರುವಾಯಿತು. ಅಕ್ಕಿ ತೊಳೆಯುತ್ತಿದ್ದವಳ ಮುಂದೆ ನಿಂತು ಮಾತು ಕೊಟ್ಟವನು ಯಾರು? ನಾನೇ ಆದರೆ, ಈಗ ಹಾಸಿಗೆಯಿಂದ ಕಾಲು ಕೆಳಗಿಡಲು ಹೆಣಗುತ್ತಿರುವವನು ಯಾರು? ಕಾಯಿಲೆ ಕೊಟ್ಟ ಮಾತಾದರೆ ಅದನ್ನು ನಾನು ನಡೆಸಬೇಕೇ? ನಡೆಸದಿದ್ದರೆ, ಗೆರೆಯ ಮೇಲೆ ಲೋಟ ಹಿಡಿದು ನಡೆಯುತ್ತಿರುವ ಈ ಹೆಂಗಸನ್ನು ಮತ್ತೆ ಸ್ನಾನದ ಮನೆಗೆ ಕರೆಯಬೇಕು. ಅವಳು ಬರುತ್ತಾಳೆ. ಒಂದು ಮಾತೂ ಆಡದೆ ಬರುತ್ತಾಳೆ. ನನಗೆ ಹೆದರಿಕೆಯಾದದ್ದು ಅದಕ್ಕೆ.

ಹೀಗಾಗಿ ಒಂದು ಬೆಳಿಗ್ಗೆ ಮಾತ್ರೆಯನ್ನು ಬಾಯಿಗೆ ಹಾಕದೆ, ಹಿತ್ತಲಿನ ತುಳಸಿ ಕುಂಡದ ಮಣ್ಣಿನಲ್ಲಿ ಬೆರಳಿನಿಂದ ಒತ್ತಿದೆ. ಪರೀಕ್ಷೆ ಮುಗಿಯುವವರೆಗೆ ಮಾತ್ರ, ಎಂದುಕೊಂಡೆ. ಆಮೇಲೆ ಎಷ್ಟು ಬೇಕಾದರೂ ಸುಸ್ತಾಗಬಹುದು.

ಎರಡು ವಾರವಾಗುವಷ್ಟರಲ್ಲಿ ಅದು ವಾಪಸು ಬಂತು. ಬೆಳಗಿನ ಜಾವದ ಎಚ್ಚರ, ಹಸಿವು, ಮೈಯ ಬಿಸಿ. ಬೆರಳ ಮೇಲೆ ಎಲೆ ಇಟ್ಟು ನೋಡಿದೆ. ಅಲುಗಿತು. ಇದು ಕಾಯಿಲೆ ಎಂದು ಗೊತ್ತಿದ್ದೂ ಖುಷಿಯಾಯಿತು. ಇದನ್ನು ಮುಚ್ಚಿಡಲಾರೆ.

ಹದಿನೇಳನೆಯ ದಿನ, ಏಳೂವರೆ. ಇವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ನಾನು ಅಮ್ಮನಿಗೆ ನೀರು ಹಾಕಿ, ಒರೆಸಿ, ಕಂಕುಳಲ್ಲಿ ಕೈ ಕೊಟ್ಟು, "ಏಳಮ್ಮ," ಎಂದೆ. ಅವಳು ಅರ್ಧ ಎದ್ದಳು. ಆಗ ನನ್ನ ತೊಡೆಗಳು ಇಲ್ಲವಾದವು. ನೋವಿಲ್ಲ, ತಲೆಸುತ್ತಿಲ್ಲ. ಮೈಯೆಲ್ಲ ಕುದಿಯುತ್ತಿತ್ತು, ತೊಡೆಗಳಲ್ಲಿ ಮಾತ್ರ ಯಾರೂ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಧಾನವಾಗಿ ಜಾರಿದೆ. ಅಮ್ಮ ನನ್ನ ಮಡಿಲಲ್ಲಿ ಕೂತಳು. ಬಕೆಟ್ ಉರುಳಿತು.

ಇವಳು ಓಡಿ ಬಂದಳು. ಅಮ್ಮನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿ, ಸೊಂಟ, ಕಾಲು, ಮಣಿಕಟ್ಟು ಒಂದೊಂದಾಗಿ ಮುಟ್ಟಿ ನೋಡಿದಳು. ಏನೂ ಆಗಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ನಾನು ನೀರಿನಲ್ಲೇ ಕೂತಿದ್ದೆ.

"ಮಾತ್ರೆ ತಗೋತಿದೀರಾ?"

"ಹೂಂ."

"ಕೇಳೇ ಅವನನ್ನ," ಎಂದಳು ಅಮ್ಮ, ಟವೆಲು ಸುತ್ತಿಕೊಳ್ಳುತ್ತ. "ದಿನಾ ಬೆಳಿಗ್ಗೆ ತುಳಸಿಗೆ ಯಾಕೆ ಮಾತ್ರೆ ಹಾಕ್ತಾನೆ ಅಂತ. ಅದಕ್ಕೂ ಥೈರಾಯಿಡ್ಡೋ ಏನೋ."

ಅಮ್ಮ ದಿನವೂ ಹಿತ್ತಲಿನ ಬಿಸಿಲಿಗೆ ಕೂರುತ್ತಾಳೆ. ನನಗೆ ಅದು ಹೊಳೆದೇ ಇರಲಿಲ್ಲ.

ಆ ದಿನ ಇವಳು ತರಗತಿಗೆ ಹೋಗಲಿಲ್ಲ. ಅಮ್ಮನಿಗೆ ತಿಂಡಿ ಕೊಟ್ಟು, ಸ್ನಾನದ ಮನೆ ಒರೆಸಿ, ಕೊನೆಗೆ ನನ್ನೆದುರು ಕೂತಳು. ಕೂಗಾಡಲಿಲ್ಲ.

"ಅತ್ತೆಗೆ ಇನ್ನೊಂದ್ಸಲ ಮೂಳೆ ಮುರಿದಿದ್ರೆ ಏನ್ ಮಾಡ್ತಿದ್ರಿ?"

"ನಿನಗೆ ಮಾತು ಕೊಟ್ಟಿದ್ನಲ್ಲ."

"ಮಾತು." ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಆವತ್ತು ಎಲೆ ನೋಡಿ ನಂಬಿದೆ ಅಂದ್ಕೊಂಡ್ರಾ?"

"ಮತ್ತೆ?"

"ನನಗೆ ಹೋಗ್ಬೇಕಾಗಿತ್ತು. ಅದಕ್ಕೆ ನಂಬಿದೆ. ನೀವು ಕೈ ಮೇಲೆ ಇಟ್ಟಿಗೆ ಇಟ್ಕೊಂಡು ಹೇಳಿದ್ರೂ ನಂಬ್ತಿದ್ದೆ." ನನ್ನ ಕೈ ನೋಡಿದಳು. "ನಡುಗ್ತಿದೆ ಅಂತ ಗೊತ್ತಿತ್ತು ರೀ. ಮೊದಲ ದಿನವೇ ಗೊತ್ತಿತ್ತು. ನೀವು ಶಕ್ತಿ ಅಂದ್ಮೇಲೆ, ಇನ್ನೂ ಕೇಳಿದ್ರೆ ಎಲ್ಲಿ ನನ್ನ ಟ್ರೈನಿಂಗ್ ನಿಂತುಹೋಗುತ್ತೋ ಅಂತ ಸುಮ್ನಿದ್ದೆ."

ಇದನ್ನು ಕೇಳಿದಾಗ ನನಗೆ ಏನಾಯಿತೆಂದು ಇನ್ನೂ ಸರಿಯಾಗಿ ಹೇಳಲಾರೆ. ಹಗುರವಾಯಿತು, ಹೆದರಿಕೆಯೂ ಆಯಿತು. ಅವಳ ಕಣ್ಣಲ್ಲಿ ನೀರಿತ್ತು. ಅದು ನನಗಾಗಿಯೋ, ತನಗಾಗಿಯೋ, ತಪ್ಪಿಹೋದ ಆ ಒಂದು ದಿನದ ತರಗತಿಗಾಗಿಯೋ ತಿಳಿಯಲಿಲ್ಲ. ಅವಳೇ ಎದ್ದು ಮಾತ್ರೆ ತಂದು, ನಾನು ನುಂಗುವವರೆಗೆ ನಿಂತಿದ್ದಳು.

ಉಳಿದದ್ದು ಸ್ನಾನ. ಇನ್ನು ಅಮ್ಮನನ್ನು ಎತ್ತಲು ನನಗೆ ಅನುಮತಿಯಿಲ್ಲ. ಬೆಳಗಿನ ಆರರ ಚಳಿಯಲ್ಲಿ ಅಮ್ಮನ ಮೈಗೆ ನೀರು ಹಾಕುವ ಹಾಗಿಲ್ಲ, ಏಳಾದರೆ ಇವಳು ಹೊರಡುವ ಗಡಿಬಿಡಿ. ಇವಳು ಮಧ್ಯಾಹ್ನ ಬಂದಮೇಲೆ ಸ್ನಾನ ಮಾಡಿಸಬಹುದು. ಆದರೆ ಅಲ್ಲಿಯವರೆಗೆ ಅಮ್ಮ ತಿನ್ನದೆ ಇರುವ ಹಾಗಿಲ್ಲ. ತರಬೇತಿ ಬಿಡುತ್ತೇನೆಂದು ಇವಳು ಹೇಳಲಿಲ್ಲ. ಬಿಡಬೇಡ ಎನ್ನಲು ನನಗೆ ಬಾಯಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಅದೇ ಪ್ಲಾಸ್ಟಿಕ್ ಸ್ಟೂಲನ್ನು ಒಲೆಯ ಮುಂದೆ ಹಾಕಿಕೊಂಡು, ಕೂತೇ ಉಪ್ಪಿಟ್ಟು ಕೆದಕುತ್ತಿದ್ದೆ. ಯಾರಿಗೆಂದು ಮಾಡುತ್ತಿದ್ದೇನೆ ಎಂಬುದೂ ಸ್ಪಷ್ಟವಿರಲಿಲ್ಲ. ವಾಕರಿನ ಸದ್ದು ಬಂತು. ಅಮ್ಮ ಊಟದ ಮೇಜಿಗೆ ಬಂದು ಕೂತಳು.

"ಕೊಡು."

"ಸ್ನಾನ ಆಗಿಲ್ಲವಲ್ಲಮ್ಮ."

"ನಿನ್ನ ಶಕ್ತಿ ನಂಬ್ಕೊಂಡು ಕೂತ್ರೆ ನಂಗೆ ಇನ್ನೊಂದು ಸೊಂಟ ಬೇಕಾಗುತ್ತೆ. ಕೊಡು ಅಂದೆ."

ಬುದ್ಧಿ ಬಂದಾಗಿನಿಂದ ನಡೆಸಿಕೊಂಡು ಬಂದ ಪದ್ಧತಿ. ಆಸ್ಪತ್ರೆಯಲ್ಲಿದ್ದಾಗಲೂ ನರ್ಸಮ್ಮನ ಹತ್ತಿರ ಜಗಳವಾಡಿ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಸಿಕೊಂಡೇ ಗಂಜಿ ಕುಡಿದವಳು. ಮೊದಲ ಚಮಚವನ್ನು ಕಣ್ಣು ಮುಚ್ಚಿ ಬಾಯಿಗಿಟ್ಟಳು. ಕಹಿ ಔಷಧಿ ನುಂಗಿದ ಹಾಗೆ ನುಂಗಿದಳು. ಬಾಗಿಲಲ್ಲಿ ನಿಂತಿದ್ದ ಇವಳನ್ನು ನೋಡಿ, "ನೀನೇನೇ ನೋಡ್ತಿದೀಯ? ಮೆಟ್ರೋ ಹೋಗುತ್ತೆ," ಎಂದಳು.

ಇವಳು ಹೋದಳು. ನಾನು ಕೇಳಿದೆ: "ಹೇಗಮ್ಮ ಬಿಟ್ಟೆ?"

"ಉಪ್ಪು ಕಮ್ಮಿಯಾಗಿದೆ," ಎಂದಳು ಅಮ್ಮ.

ಪರೀಕ್ಷೆಯ ದಿನವೂ ಹೀಗೇ ಆಯಿತು. ನಾನು ಆರೂವರೆಗೆ ಎದ್ದೆ, ಅಂದರೆ ಇವಳು ಎರಡು ಸಲ ಕರೆದಮೇಲೆ. ಕೂತು ತರಕಾರಿ ಹೆಚ್ಚಿದೆ, ಮಧ್ಯೆ ಒಮ್ಮೆ ಮಲಗಿದೆ, ಎದ್ದು ಹುಳಿಗೆ ಬೇಳೆ ಹಾಕಿದೆ. ಎರಡು ಗಂಟೆಗೆ ಅವಳು ಬಂದಳು. ಚೀಲವಿಟ್ಟು, ಸೀರೆಯ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಸ್ನಾನದ ಮನೆಗೆ ಹೋದಳು. ಅಮ್ಮ ಕಾಯುತ್ತಿದ್ದಳು. ವಾಕರ್ ಹಿಡಿದುಕೊಳ್ಳುವುದಷ್ಟೇ ನನ್ನ ಕೆಲಸ. ಬಾಗಿಲ ಹೊರಗೆ ಅದನ್ನು ಹಿಡಿದು ನಿಂತೆ.

"ಹೇಗಾಯ್ತು?" ಎಂದೆ ಒಳಗೆ ಕೇಳುವಂತೆ.

ನೀರು ಹಾಕುವ ಸದ್ದು ನಿಂತಿತು. "ಒಂದು ಹನಿ ಚೆಲ್ದೆ ರೀ."

"ಆಮೇಲೆ?"

"ತಟ್ಟೆ ಕೆಳಗಿಟ್ಟು, ಬಟ್ಟೆ ತಂದು ಒರೆಸ್ದೆ. ಅಲ್ಲಿಂದ ಮತ್ತೆ ನಡೆದೆ." ಮತ್ತೆ ನೀರಿನ ಸದ್ದು. "ಅವ್ರು ಏನೋ ಬರ್ಕೊಂಡ್ರು. ಏನು ಅಂತ ಗೊತ್ತಿಲ್ಲ."

ಫಲಿತಾಂಶ ಇನ್ನೂ ಬಂದಿಲ್ಲ. ನನ್ನ ಕೈ ಈಗ ನಡುಗುವುದಿಲ್ಲ. ವಾಕರಿನ ಹಿಡಿಯ ಮೇಲೆ ಅದು ಅಲ್ಲಾಡದೆ ಇದ್ದುದನ್ನು ಆ ಮಧ್ಯಾಹ್ನ ನೋಡಿದೆ. ಅದು ವಾಸಿಯಾದವನ ಕೈಯೋ, ಹಳೆಯ ಸುಸ್ತಿನವನ ಕೈಯೋ, ಬರಿದೇ ನೋಡಿದರೆ ಗೊತ್ತಾಗುವಂತಿರಲಿಲ್ಲ. ಒಳಗಿನಿಂದ ಇವಳು, "ಕೊಡಿ," ಎಂದಳು. ಕೊಟ್ಟೆ.